ಅಪ್ಪನಿಗೆ ಕದ್ದು ಕಸೂತಿ

ಅಪ್ಪನಿಗೆ ಗೊತ್ತಾಗದ ಹಾಗೆ ಗಂಡುಮಕ್ಕಳು ಮಾಡುವ ಕೆಲಸಗಳು ಎಲ್ಲ ಮನೆಗಳಲ್ಲೂ ಹೆಚ್ಚುಕಡಿಮೆ ಒಂದೇ. ಸಿಗರೇಟು, ಇಸ್ಪೀಟು, ಮ್ಯಾಟಿನಿ ಸಿನಿಮಾ. ಈ ಮೂರರಲ್ಲಿ ಒಂದೂ ನನಗೆ ಅಂಟಲಿಲ್ಲವೆಂದು ನಲವತ್ಮೂರು ವರ್ಷ ಎದೆಯುಬ್ಬಿಸಿಕೊಂಡು ತಿರುಗಿದವನು ನಾನು. ಅಂಥವನು ನಲವತ್ನಾಲ್ಕನೆಯ ವಯಸ್ಸಿನಲ್ಲಿ ತಾರಸಿಯ ನೀರಿನ ಟ್ಯಾಂಕಿನ ಹಿಂದೆ ಅಡಗಿ ಕೂತು, ಮೆಟ್ಟಿಲ ಮೇಲೆ ಸಪ್ಪಳವಾದರೆ ಬೆಚ್ಚಿಬಿದ್ದು, ಕೈಯಲ್ಲಿದ್ದುದನ್ನು ಅಂಗಿಯೊಳಗೆ ತುರುಕಿಕೊಳ್ಳುವ ಸ್ಥಿತಿಗೆ ಬಂದೆ. ಕೈಯಲ್ಲಿದ್ದುದು ಕಸೂತಿ.

ಅದಕ್ಕೆ ಇಷ್ಟು ಗಾಬರಿ ಯಾಕೆ ಎನ್ನುವವರಿಗೆ ನಮ್ಮಪ್ಪನ ವಿಷಯ ಹೇಳಬೇಕು. ಅಪ್ಪ ಶಿರಾ ಬಸ್ ಸ್ಟ್ಯಾಂಡಿನ ಎದುರು ದರ್ಜಿಯಾಗಿದ್ದವನು. ಬೇರೆ ದರ್ಜಿಗಳ ಮಕ್ಕಳು ಸ್ಕೂಲು ಬಿಟ್ಟೊಡನೆ ಅಂಗಡಿಗೆ ಬಂದು ಕಾಜಾ, ಗುಂಡಿ ಹಾಕುತ್ತಿದ್ದರು. ನಾನು ಅಂಗಡಿಯ ಮೆಟ್ಟಿಲು ಹತ್ತಿದರೆ ಅಪ್ಪ ಅಡಿಕೋಲು ಎತ್ತುತ್ತಿದ್ದ. "ಸೂಜಿ ಮುಟ್ಟಿದ್ರೆ ಬೆರಳು ಮುರೀತೀನಿ. ಹೋಗು, ಪುಸ್ತಕ ಹಿಡಿ." ಹೀಗಾಗಿ ನಮ್ಮ ವಂಶದಲ್ಲಿ ಮೊದಲ ಬಿ.ಕಾಂ. ನಾನೇ ಆದೆ, ಗುಂಡಿ ಹಾಕಲು ಬಾರದ ಮೊದಲ ಗಂಡಸೂ ನಾನೇ ಆದೆ. ಮೊದಲ ಕೆಲಸದಲ್ಲಿ ಪ್ಯಾಂಟಿನ ಅಂಚು ಬಿಚ್ಚಿಹೋದಾಗ ಆಫೀಸಿನ ಸ್ಟೇಪ್ಲರ್ ಹೊಡೆದುಕೊಂಡು ದಿನ ದೂಡಿದ್ದೆ. ರಜಕ್ಕೆ ಊರಿಗೆ ಹೋದಾಗ ಅದನ್ನು ಕಂಡ ಅಪ್ಪನಿಗೆ ಹೇಳತೀರದ ಸಂತೋಷ. ಅಕ್ಕಪಕ್ಕದ ಅಂಗಡಿಯವರನ್ನು ಕರೆದು ನನ್ನ ಪ್ಯಾಂಟಿನ ಕಾಲು ಎತ್ತಿಸಿ ತೋರಿಸಿದ. "ನೋಡ್ರೋ, ಆಫೀಸಿನ ಪಿನ್ನು!" ಅಪ್ಪನಿಗೆ ನನ್ನ ಡಿಗ್ರಿ ಸರ್ಟಿಫಿಕೇಟಿಗಿಂತ ಆ ಪಿನ್ನು ದೊಡ್ಡ ಪುರಾವೆ. ಈಗ ಅಂಗಡಿ ಮುಚ್ಚಿ ಮದರಾಸಿನ ತಿರುವೊಟ್ಟಿಯೂರಿನಲ್ಲಿ ನಮ್ಮ ಜೊತೆಗೇ ಇದ್ದಾನೆ.

ತಪ್ಪು ನನ್ನದಲ್ಲ. ಹನ್ನೊಂದು ವರ್ಷದ ಮಗಳು ಚಿತ್ರಾಳನ್ನು ಹೆಂಡತಿ ಕೀಲ್ಪಾಕಿನ ಒಂದು ಹಳೇ ಬಂಗಲೆಯಲ್ಲಿ ಶನಿವಾರಗಳಂದು ನಡೆಯುವ ಕಸೂತಿ ಶಿಬಿರಕ್ಕೆ ಸೇರಿಸಿದಳು. ಮಕ್ಕಳ ಜೊತೆ ದೊಡ್ಡವರೊಬ್ಬರು ಇರಲೇಬೇಕೆಂಬ ನಿಯಮ. ಹೆಂಡತಿ ಟೀಚರು, ಶನಿವಾರವೂ ಅವಳಿಗೆ ಸ್ಕೂಲು. ಎರಡು ಬಸ್ಸು ಬದಲಾಯಿಸಿ ಮಗಳನ್ನು ಕರೆದುಕೊಂಡು ಹೋದೆ. ಬ್ರಿಟಿಷರ ಕಾಲದ ಮನೆ. ಇಬ್ಬರು ತಬ್ಬಿದರೂ ಸಾಲದ ಕಂಬಗಳು, ಮರದ ಪಟ್ಟಿಯ ಕಿಟಕಿಗಳು, ಮುಖ ಕಾಣುವಷ್ಟು ನುಣುಪಾದ ಕೆಂಪು ನೆಲ. ಆ ನೆಲದ ಮೇಲೆ ಚಾಪೆ ಹಾಸಿಕೊಂಡು ಹತ್ತು ಹನ್ನೆರಡು ಹೆಂಗಸರು ತಲೆ ಬಗ್ಗಿಸಿ ಹೊಲಿಯುತ್ತಿದ್ದರು. ಪಾಪ, ಯಾರೋ ಬಡವರಿಗೆ ಕಸುಬು ಕಲಿಸುತ್ತಿದ್ದಾರೆ ಎಂದುಕೊಂಡೆ. ಬಾಗಿಲ ಬಳಿ ಕೂತಿದ್ದ ದಪ್ಪ ಕನ್ನಡಕದವರನ್ನು ಮಾತಾಡಿಸಿದರೆ ಅವರು ಆಪರೇಷನ್ ಮಾಡುವ ಡಾಕ್ಟರು! "ವಾರವೆಲ್ಲ ಮನುಷ್ಯರನ್ನ ಹೊಲೀತೀನಿ ಸಾರ್, ಬಟ್ಟೆಯಾದರೆ ಕಿರುಚೋದಿಲ್ಲ" ಎಂದರು. ಯಾವ ಸೂಜಿಯಿಂದ ನನ್ನನ್ನು ಪಾರುಮಾಡಲು ಅಪ್ಪ ಕಾಲು ಸೋಲುವಷ್ಟು ಮಿಷನ್ ತುಳಿದನೋ, ಆ ಸೂಜಿಯನ್ನು ಎಂ.ಎಸ್. ಓದಿದವರು ಫೀಸು ಕೊಟ್ಟು ಹಿಡಿದಿದ್ದಾರೆ!

ಕಲಿಸುವ ವೇದಾ ಮೇಡಂ ನಾಲ್ಕು ತಲೆಮಾರಿನಿಂದ ಮದರಾಸಿನಲ್ಲಿರುವ ಕನ್ನಡದವರು. ಅರ್ಧ ಕನ್ನಡ, ಅರ್ಧ ತಮಿಳು. ಜಗಲಿಯಲ್ಲಿ ಪೇಪರ್ ಓದುತ್ತಿದ್ದ ನನ್ನ ಕೈಗೆ ಎರಡನೆಯ ವಾರ ಸೂಜಿ ಕೊಟ್ಟರು. "ಚುಮ್ಮಾ ಯಾಕೆ ಕೂತಿರ್ತೀರಿ ಸಾರ್? ವಾಂಗೋ, ಬನ್ನಿ, ದಾರದಲ್ಲಿ ಒಂದು ಎಲೆ ಹಾಕಿ." ಬೇಡವೆನ್ನಬೇಕಿತ್ತು. ಆದರೆ ಯಾವ ಪಾಠ ಕಂಡರೂ ಪಾಸು ಮಾಡಬೇಕೆನ್ನುವ ಹಳೇ ಕಾಯಿಲೆ ನನಗೆ. ಮಾರನೆಯ ವಾರವೇ ನೋಟ್ ಬುಕ್ ತಂದೆ. ಮಾರ್ಜಿನ್ ಎಳೆದು 'ಸರಪಳಿ ಹೊಲಿಗೆ: ಲಕ್ಷಣಗಳು ಮತ್ತು ಉಪಯೋಗಗಳು' ಎಂದು ಬರೆದುಕೊಂಡೆ. ಡಾಕ್ಟರು ಬಗ್ಗಿ ನೋಡಿ ನಕ್ಕರು. ನನ್ನ ನೋಟ್ಸು ಅಚ್ಚುಕಟ್ಟಾಗಿತ್ತು. ಎಲೆಗಳು ಮಾತ್ರ ಹುಳ ತಿಂದಂತಿದ್ದವು. ಆದರೂ ವೇದಾ ಮೇಡಂ ಪ್ರತಿ ಸಲ "ಸೂಪರ್ ಸಾರ್!" ಎನ್ನುತ್ತಿದ್ದರು. ಅವರು ಎಲ್ಲರಿಗೂ ಹಾಗೆಯೇ ಅನ್ನುತ್ತಾರೆಂದು ತಿಳಿಯುವ ಹೊತ್ತಿಗೆ ನನಗೆ ಚಟ ಹತ್ತಿಬಿಟ್ಟಿತ್ತು. ನೀರಿನ ಟ್ಯಾಂಕಿನ ಹಿಂದೆ ಜಾಗ ಹುಡುಕಿಕೊಂಡೆ.

ಸಿಗರೇಟಿನವರಿಗೆ ವಾಸನೆ ಮುಚ್ಚಲು ಏಲಕ್ಕಿಯಾದರೂ ಇದೆ. ಕಸೂತಿಯವನಿಗೆ ಏನೂ ಇಲ್ಲ. ಒಂದು ಬೆಳಿಗ್ಗೆ ಕಾಫಿ ಲೋಟ ಕೊಡುವಾಗ ಅಪ್ಪ ನನ್ನ ಎಡಗೈ ಹಿಡಿದುಕೊಂಡ. ತೋರುಬೆರಳನ್ನು ಬೆಳಕಿಗೆ ತಿರುಗಿಸಿ ನೋಡಿದ. ಹೆಬ್ಬೆರಳಿನಿಂದ ಸವರಿದ. ತುದಿಯಲ್ಲಿ ಚುಚ್ಚಿದ ಗುರುತುಗಳು ಎಳ್ಳು ಚೆಲ್ಲಿದಂತಿದ್ದವು. ಆ ಗುರುತು ಐವತ್ತು ವರ್ಷ ಅವನ ಬೆರಳಲ್ಲಿದ್ದದ್ದು.

"ಎಷ್ಟು ದಿನದಿಂದ?" ಎಂದ. ಸಾವಿನ ಮನೆಯಲ್ಲಿ ವಿಚಾರಿಸುವ ದನಿ.

"ಒಂದೂವರೆ ತಿಂಗಳು ಅಪ್ಪಾ."

"ಕೆಲಸ ಹೋಯ್ತಾ?"

"ಇಲ್ಲಪ್ಪ, ಕೆಲಸ ಇದೆ."

ಎಲ್ಲವನ್ನೂ ಹೇಳಿದೆ. ಅಪ್ಪ ನಂಬಲಿಲ್ಲ. ಕಾಫಿ ಆರಿಹೋಯಿತು. ಶನಿವಾರ ಬಿಳಿ ಪಂಚೆ ಉಟ್ಟು, ಅಂಗಿಗೆ ಕತ್ತಿನ ಗುಂಡಿಯನ್ನೂ ಹಾಕಿಕೊಂಡು, ಪೊಲೀಸ್ ಸ್ಟೇಷನ್ನಿಗೆ ಹೊರಟವನಂತೆ ನಮ್ಮ ಜೊತೆ ಬಸ್ಸು ಹತ್ತಿದ.

ಬಂಗಲೆಯ ಬಾಗಿಲಲ್ಲೇ ನಿಂತು ಒಳಗೆ ನೋಡಿದ. "ಆ ಕನ್ನಡಕದಮ್ಮ ಯಾರು?"

"ಡಾಕ್ಟರು."

"ಅವರ ಪಕ್ಕ?"

"ಹೈಕೋರ್ಟ್ ವಕೀಲರು."

ಅಪ್ಪ ಕಂಬಕ್ಕೆ ಕೈ ಕೊಟ್ಟ. "ಅಲ್ಲ ಕಣೋ, ಇಷ್ಟೊಂದು ಓದಿದೋರು... ಎಲ್ರಿಗೂ ಹಿಂಗಾಗೋಯ್ತಾ?"

"ಇದು ಖುಷಿಗೆ ಅಪ್ಪಾ."

"ಖುಷಿಗಾ? ಹಬ್ಬದ ಹಿಂದಿನ್ ವಾರ ನಮ್ಮಂಗಡೀಲಿ ಕೂತಿದ್ರೆ ಗೊತ್ತಾಗ್ತಿತ್ತು ಖುಷಿ."

ಅಷ್ಟರಲ್ಲಿ ವೇದಾ ಮೇಡಂ ಕೈಮುಗಿದುಕೊಂಡು ಬಂದರು. ಅಪ್ಪನ ಕಸುಬು ಏನೆಂದು ಚಿತ್ರಾ ಹೇಳಿಬಿಟ್ಟಿದ್ದಳು. "ಅಂಕಲ್, ನಿಮ್ಮ ಮಗ ರೊಂಬ ಚೆನ್ನಾಗಿ ಹಾಕ್ತಾರೆ. ರಕ್ತದಲ್ಲೇ ಬಂದಿದೆ, ನೋಡಿ ಪಾರುಂಗೋ!"

ಯಾವ ತಂದೆಗೂ ಇಂಥ ಹೊಗಳಿಕೆಯಿಂದ ಇಷ್ಟು ನೋವಾಗಿರಲಾರದು. ಅಪ್ಪನ ಮುಖ ಬಿಳುಚಿಕೊಂಡಿತು. ಹೊಟ್ಟೆ ಕಟ್ಟಿ ಕಾಲೇಜಿಗೆ ಕಳಿಸಿದ್ದರೂ ಮಗನ ಕೈ ಕೊನೆಗೂ ಸೂಜಿಗೇ ಹೋಯಿತಲ್ಲ ಎಂಬ ದಿಗಿಲು. "ನನ್ನ ಮುಂದೆ ಒಂದು ಹಾಕು" ಎಂದ.

ಎಲ್ಲರೂ ಸೂಜಿ ಬಿಟ್ಟು ನೋಡತೊಡಗಿದರು. ನಾನು ಚಾಪೆಯ ಮೇಲೆ ಕೂತೆ. ಆ ಗಳಿಗೆಯಲ್ಲಿ ಅಪ್ಪನ ಸಂಕಟ ನೆನಪಾಗಬೇಕಿತ್ತು. ನನಗೆ ಆದದ್ದು ಪರೀಕ್ಷೆಯ ಹುರುಪು. ಐವತ್ತು ವರ್ಷದ ದರ್ಜಿಯ ಎದುರು ಸೈ ಎನಿಸಿಕೊಳ್ಳಬೇಕು! ಉಸಿರು ಬಿಗಿಹಿಡಿದು, ನೋಟ್ಸಿನ ಒಂದೊಂದು ಅಂಶವನ್ನೂ ನೆನೆದು, ಹಸಿರು ದಾರದಲ್ಲಿ ಒಂದು ಎಲೆ ಹಾಕಿ ಅಪ್ಪನ ಕೈಗೆ ಕೊಟ್ಟೆ.

ಅಪ್ಪ ಮೇಲುಭಾಗ ನೋಡಿದ. ಮಗುಚಿ ಹಿಂಭಾಗ ನೋಡಿದ. ದೂರ ಹಿಡಿದು ನೋಡಿದ. ಮುಖ ನಿಧಾನವಾಗಿ ಅರಳಿತು. "ಇದು ಹೊಲಿಗೇನೇ ಅಲ್ವಲ್ಲಮ್ಮ!" ಎಂದು ವೇದಾ ಮೇಡಂಗೆ ಹೇಳಿ, ಅವರು ಕೊಟ್ಟ ಟೀ ಕುಡಿದು, ಡಾಕ್ಟರಿಗೆ ದಾರ ಹೇಗೆ ಪೋಣಿಸಬೇಕೆಂದು ಹೇಳಿಕೊಡುವಷ್ಟು ಗೆಲುವಾದ.

ವಾಪಸು ಬಸ್ಸಿನಲ್ಲಿ ಅಪ್ಪ ನನ್ನ ಪಕ್ಕವೇ ಕೂತ. ನನ್ನ ತೊಡೆಯ ಮೇಲೆ ಕೈಯಿಟ್ಟ. "ನನಗೆ ನೋವಾಗುತ್ತೆ ಅಂತ ಬೇಕಂತಾನೇ ಕೆಡಿಸ್ದೆ, ಅಲ್ವೇನೋ? ಅಷ್ಟು ಜನದ ಎದುರು ಮರ್ಯಾದೆ ಬಿಟ್ಟು... ನನಗೆ ಗೊತ್ತಾಗಲ್ವಾ? ಯಾರಿಗೂ ಅಷ್ಟೊಂದು ಕೆಟ್ಟದಾಗಿ ಹಾಕೋಕೆ ಬರಲ್ಲ ಕಣೋ." ಅವನ ಕಣ್ಣು ಒದ್ದೆಯಾಗಿತ್ತು.

ಕಿಟಕಿಯ ಪಕ್ಕ ಕೂತಿದ್ದ ಚಿತ್ರಾ ಕನ್ನಡ ಕೇಳಿ ಎಂದಿನಂತೆ ತಮಿಳಿನಲ್ಲಿ ಉತ್ತರಿಸಿದಳು. "ಇಲ್ಲೆ ತಾತಾ, ಅಪ್ಪಾ ಎಪ್ಪವುಮೇ ಇಪ್ಪಡಿತ್ತಾನ್ ಪೋಡುವಾರು." ನಾನು ಯಾವಾಗಲೂ ಹಾಕುವುದೇ ಹೀಗೆ ಎಂದರ್ಥ.

"ಏನಂತೆ ಮಗು?" ಎಂದು ತಮಿಳು ಬಾರದ ಅಪ್ಪ ನನ್ನ ಕಡೆ ತಿರುಗಿದ.

"ನೀನು ಹೇಳಿದ್ದೇ ನಿಜವಂತೆ" ಎಂದೆ. ಅಪ್ಪ ಇನ್ನೊಮ್ಮೆ ತೊಡೆ ತಟ್ಟಿದ. ನಾನು ಜೇಬಿನಿಂದ ಆ ಬಟ್ಟೆ ತೆಗೆದು ಕದ್ದು ನೋಡಿದೆ. ಒಂದೂವರೆ ತಿಂಗಳಲ್ಲಿ ನಾನು ಹಾಕಿದ ಎಲೆಗಳಲ್ಲೆಲ್ಲ ಅದೇ ಅತ್ಯುತ್ತಮವಾಗಿತ್ತು.