ತೆಂಗಿನಗುಂಡಿಯ ಮೀನೂಟ

ಕುಮಟೆಯ ನಿತ್ಯಾನಂದ ನಾಯ್ಕನ ಮನೆಯಲ್ಲಿ ಮಾರ್ಚ್ ತಿಂಗಳಿಂದ ಮೀನಿನ ಸುಳಿವೇ ಇಲ್ಲ. ಮಗಳು ಧನ್ಯಾ ಎಸ್ಸೆಸ್ಸೆಲ್ಸಿ ಪಾಸಾದರೆ ಮುರುಡೇಶ್ವರದಲ್ಲಿ ಪೂಜೆ ಮಾಡಿಸುತ್ತೇನೆ, ಅಲ್ಲಿಯವರೆಗೆ ಒಲೆಯ ಮೇಲೆ ಮೀನು ಇಡುವುದಿಲ್ಲ ಎಂದು ಹೆಂಡತಿ ಶ್ರೀಮತಿ ಹರಕೆ ಹೊತ್ತಿದ್ದಳು. ಪರೀಕ್ಷೆ ಬರೆದವಳು ಮಗಳು, ಹರಕೆ ಹೊತ್ತವಳು ತಾಯಿ, ಶಿಕ್ಷೆ ಮಾತ್ರ ಅಪ್ಪನಿಗೆ. ಪಕ್ಕದ ಮನೆಯಲ್ಲಿ ಬಂಗಡೆ ಹುರಿಯುವಾಗ ಅವನು ಬಸಳೆ ದಂಟು ಜಗಿಯುತ್ತ ಕಿಟಕಿಯ ಕಡೆ ಮುಖ ಮಾಡಿ ಕೂರುತ್ತಿದ್ದ. (ವಾಸನೆಗೆ ಹರಕೆ ತಾಗುವುದಿಲ್ಲವೆಂದು ಅವನೇ ತೀರ್ಮಾನಿಸಿಕೊಂಡಿದ್ದ.)

ಮೇ ತಿಂಗಳಲ್ಲಿ ಧನ್ಯಾ ಸೆಕೆಂಡ್ ಕ್ಲಾಸಿನಲ್ಲಿ ಪಾಸಾದಳು. ಹೊಸತಾಗಿ ಕೊಂಡ ಹಳೇ ಓಮ್ನಿಯಲ್ಲಿ ಭಾನುವಾರ ಮುರುಡೇಶ್ವರಕ್ಕೆ ಹೋಗುವುದು, ಪೂಜೆ ಮುಗಿಸಿ ಸಮುದ್ರ ನೋಡುವುದು, ಹಾಗೇ ತೆಂಗಿನಗುಂಡಿಯ ಶನಿಯಾರನ ಮನೆಗೂ ಹೋಗಿ ಬರುವುದು ಎಂದು ನಿಶ್ಚಯವಾಯಿತು. ಶನಿಯಾರ, ಹೊನ್ನಾವರದಲ್ಲಿ ಕಾಲೇಜಿಗೆ ಹೋಗುವಾಗ ನಿತ್ಯಾನಂದನ ರೂಮಿನ ಜೊತೆಗಾರ. ಅವನ ತಾಯಿ ನಾಗಿಯಮ್ಮ ಬಸ್ಸಿನ ಕಂಡಕ್ಟರನ ಕೈಯಲ್ಲಿ ಕಳಿಸುತ್ತಿದ್ದ ಮೀನಿನ ಡಬ್ಬಿಯಲ್ಲಿ ಅರ್ಧ ಪಾಲು ನಿತ್ಯಾನಂದನ ಹೊಟ್ಟೆಗೇ ಹೋಗುತ್ತಿತ್ತು. ಅಷ್ಟು ತಿಂದವನು ಒಂದು ಸಲವೂ ಆ ಮನೆಯ ಮೆಟ್ಟಿಲು ಹತ್ತಿರಲಿಲ್ಲ. ಈಗ ಫೋನ್ ಮಾಡಿದರೆ ಶನಿಯಾರ ಕಿವಿ ತೂತಾಗುವಂತೆ ಕೂಗಿದ.

"ಹೆಂಡ್ತಿ, ಮಗಳು ಎಲ್ರೂ ಬರ್ಬೇಕು! ಅಬ್ಬೆ ಇಸೋಣ ಮೀನು ಹುರೀತದೆ, ಸಿಗಡಿ ಮಾಡ್ತದೆ. ಊಟ ಇಲ್ಲೇ!"

"ಆತು ಆತು" ಎಂದು ಫೋನಿಟ್ಟ ಮೇಲೆ ನಿತ್ಯಾನಂದನಿಗೆ ಧರ್ಮಸಂಕಟ ಶುರುವಾಯಿತು. ದೇವಸ್ಥಾನಕ್ಕೆ ಹೋದ ದಿನ ಶ್ರೀಮತಿ ಮೀನು ಮುಟ್ಟುವವಳಲ್ಲ, ತನಗೂ ಮುಟ್ಟಗೊಡುವವಳಲ್ಲ ಎಂದು ಅವನ ಲೆಕ್ಕ. ಅವಳೆದುರು ನಾಗಿಯಮ್ಮ ಇಸೋಣ ಬಡಿಸಿದರೆ ತಾನು ಕೈಮುಗಿದು ಎಲೆಯಿಂದ ಏಳಬೇಕಾದೀತು. ಹರಕೆ ಎಲ್ಲಿಯವರೆಗೆ, ಯಾರಿಗೆ ಎಂದು ಹೆಂಡತಿಯನ್ನು ಕೇಳಿದ್ದರೆ ಎಲ್ಲ ಮುಗಿಯುತ್ತಿತ್ತು. ಆದರೆ ಕೇಳಿದರೆ ಬಾಯಿಚಪಲ ಬಯಲಾಗುತ್ತದಲ್ಲ! ಅವನು ಕೇಳಲಿಲ್ಲ, ಉಪಾಯ ಹೂಡಿದ.

ಪೂಜೆ ಮುಗಿಯಿತು. ಧನ್ಯಾ ದೊಡ್ಡ ಶಿವನ ಮುಂದೆ ಅಮ್ಮನನ್ನು ನಿಲ್ಲಿಸಿ ಕ್ಯಾಮರಾ ಹಿಡಿದಳು. ನಿತ್ಯಾನಂದ ಮುಖ ಸಣ್ಣ ಮಾಡಿಕೊಂಡ.

"ಬ್ರೇಕು ಕಿರ್‍ರ್ ಅಂತದೆ. ಭಟ್ಕಳದಲ್ಲಿ ತೋರ್ಸ್ಕಂಡು ಬರ್ತೆ. ನೀವು ಸಮುದ್ರ ನೋಡ್ತಾ ಇರಿ."

"ಊಟದ ಹೊತ್ತಲ್ಲಾ?" ಎಂದಳು ಶ್ರೀಮತಿ.

"ನನಗೆ ಹಸಿವಿಲ್ಲ" ಎಂದ ಮಹಾತ್ಯಾಗಿ, ಗಾಡಿ ಹತ್ತಿದ. ಬ್ರೇಕಿಗೆ ಏನೂ ಆಗಿರಲಿಲ್ಲ, ಒಮ್ಮೆಯೂ ಒತ್ತದೆ ಶಿರಾಲಿ ದಾಟಿದ.

ತೆಂಗಿನಗುಂಡಿಯ ತಿರುವಿನಲ್ಲಿ ಶನಿಯಾರ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ನಿಂತಿದ್ದ. ಓಡಿ ಬಂದು ಬಾಗಿಲು ಎಳೆದ. ಹಿಂದಿನ ಸೀಟು ಖಾಲಿ.

"ಎಲ್ಲಿ? ಅವ್ರು ಬರ್ಲಿಲ್ವಾ?"

"ಶ್ರೀಮತಿಗೆ ತಲೆನೋವು. ಮುರುಡೇಶ್ವರದಲ್ಲೇ ಕೂತಿದ್ದಾಳೆ."

ಒಳಗೆ ಹೊಸ ಚಾಪೆ ಹಾಸಿತ್ತು, ನಡುವೆ ಬಾಳೆಯೆಲೆಗಳ ಸಾಲು. ಆಚೀಚೆ ಮನೆಯಿಂದ ತಂದ ಸ್ಟೀಲಿನ ಲೋಟಗಳು ಫಳಫಳ ಹೊಳೆಯುತ್ತಿದ್ದವು. ಅಡುಗೆಮನೆಯಿಂದ ಬಂದ ಪರಿಮಳಕ್ಕೆ ನಿತ್ಯಾನಂದನ ಕಣ್ಣಲ್ಲಿ ನೀರೇ ಬಂತು. ನಾಗಿಯಮ್ಮ ಸೆರಗಿಗೆ ಕೈ ಒರೆಸುತ್ತ ಹೊರಗೆ ಬಂದಳು.

"ತಲೆನೋವು ಬಂದವ್ಳನ್ನ ಬಿಸಿಲಲ್ಲಿ ಕೂರ್ಸಿ ಬಂದ್ಯಾ ಮಗಾ? ಇಲ್ಲಿ ಮಲ್ಗುಕೆ ಜಾಗ ಇರ್ಲಿಲ್ವಾ?"

ನಿತ್ಯಾನಂದ ಚಾಪೆಯ ಅಂಚು ಸರಿಮಾಡತೊಡಗಿದ. ಶನಿಯಾರ ಗೆಳೆಯನ ಮುಖವನ್ನೇ ನೋಡುತ್ತಿದ್ದ. ಆಮೇಲೆ ತಾಯಿಯ ಎದುರೇ ದನಿ ತಗ್ಗಿಸಿ ಕೇಳಿದ.

"ಮೀನು ವಾಸ್ನೆ ಅಂತ ಬರ್ಲಿಲ್ವಾ ಅವ್ರು? ನಿಜ ಹೇಳು."

"ಛೇ ಛೇ, ಎಂತ ಹೇಳ್ತೆ ಮಾರಾಯ!"

"ಹಾಂಗಾದ್ರೆ ನಡಿ. ನಾನೇ ಕರ್ಕಂಡು ಬರ್ತೆ."

ಇಸೋಣದ ತುಂಡೊಂದನ್ನಾದರೂ ಬಾಯಿಗೆ ಹಾಕಿಕೊಂಡು ಹೋಗೋಣ ಎನ್ನುವಷ್ಟರಲ್ಲಿ ಶನಿಯಾರ ಓಮ್ನಿಯಲ್ಲಿ ಕೂತು ಆಗಿತ್ತು. ದಾರಿಯುದ್ದಕ್ಕೂ ಅವನು ಕಿಟಕಿಯಾಚೆ ನೋಡುತ್ತ ಕೂತ. ಕಾಲೇಜಿನ ದಿನಗಳಲ್ಲಿ ನಿದ್ದೆಯಲ್ಲೂ ಮಾತಾಡುತ್ತಿದ್ದ ಆಸಾಮಿ. ನಿತ್ಯಾನಂದನಿಗೆ ಹಸಿವೇ ಸತ್ತಿತು. ಡಬ್ಬಿಯ ಮೀನು ಹಂಚಿ ತಿಂದ ಗೆಳೆಯ ತನ್ನನ್ನು ಏನೆಂದುಕೊಂಡನೋ!

ಮುರುಡೇಶ್ವರದಲ್ಲಿ ಶ್ರೀಮತಿ ಎದ್ದು ನಿಂತು ನಕ್ಕಳು. ಶನಿಯಾರ ಕೈಮುಗಿದ.

"ತಲೆನೋವು ಹ್ಯಾಂಗಿದೆ ಅಕ್ಕಾ?"

"ಯಾರಿಗೆ? ಬ್ರೇಕು ಸರಿ ಆತಾ?"

"ಯಾವ ಬ್ರೇಕು?"

ಇಬ್ಬರೂ ಒಟ್ಟಿಗೆ ನಿತ್ಯಾನಂದನ ಕಡೆ ತಿರುಗಿದರು. ಸಮುದ್ರ ಅಷ್ಟು ಹತ್ತಿರವಿದ್ದೂ ಹಾರಿಕೊಳ್ಳುವ ಧೈರ್ಯ ಅವನಿಗೆ ಬರಲಿಲ್ಲ. ಎಲ್ಲ ಒದರಿಬಿಟ್ಟ.

"ಅಯ್ಯೋ ದೇವ್ರೇ!" ಶ್ರೀಮತಿ ತಲೆ ಚಚ್ಚಿಕೊಂಡಳು. "ಹರಕೆ ಒಲೆಗೆ ಹೇಳ್ಕಂಡದ್ದು, ನಿಮ್ಮ ಬಾಯಿಗಲ್ಲ! ಪೂಜೆ ಆತು, ಅದೂ ಮುಗೀತು. ಫೋನಿನಲ್ಲಿ ಶನಿಯಾರಣ್ಣ ಕೂಗಿದ್ದು ನನಗೂ ಕೇಳಿತ್ತು. ನಾಗಿಯಮ್ಮನ ಕೈ ಮೀನು ತಿನ್ನುಕೆ ಅಂತ ನಾನು ಇಲ್ಲಿ ಊಟಕ್ಕೂ ಹೋಗ್ದೆ ಕೂತಿದ್ದೆ."

"ಅಪ್ಪಾ, ನಾನು ಪಕ್ಕದ ಮನೆ ಗಂಗಜ್ಜಿ ಹತ್ರ ದಿನಾ ತಿಂತಿದ್ದೆ" ಎಂದಳು ಧನ್ಯಾ. "ಅಮ್ಮನೇ ಕಳಿಸ್ತಿತ್ತು."

ಕಿಟಕಿಯ ಕಡೆ ಮುಖ ಮಾಡಿ ಜಗಿದ ಅಷ್ಟೂ ಬಸಳೆ ದಂಟು ನಿತ್ಯಾನಂದನ ಗಂಟಲಿಗೆ ಬಂದು ನಿಂತಿತು. ಶನಿಯಾರ ಮಾತ್ರ ಹೊಟ್ಟೆ ಹಿಡಿದು ನಕ್ಕ, ಬೆನ್ನಿಗೊಂದು ಗುದ್ದಿದ. ಗುದ್ದು ಜೋರಾಗಿಯೇ ಇತ್ತು, ಆದರೂ ನಿತ್ಯಾನಂದನಿಗೆ ಹೋದ ಜೀವ ಬಂದಂತಾಯಿತು. ಎಲ್ಲರೂ ಗಾಡಿ ಹತ್ತಿದರು. ಇಸೋಣ ಮೊದಲೋ ಸಿಗಡಿ ಮೊದಲೋ ಎಂಬ ಚರ್ಚೆಯಲ್ಲಿ ಶಿರಾಲಿ ಬಂದದ್ದೂ ಗೊತ್ತಾಗಲಿಲ್ಲ.

ಮನೆಯ ಬಾಗಿಲಲ್ಲಿ ನಾಗಿಯಮ್ಮ ಸೀರೆ ಬದಲಿಸಿ ನಿಂತಿದ್ದಳು. ಅಂಗಳಕ್ಕೆ ನೀರು ಹಾಕಿತ್ತು, ಒಳಗೆಲ್ಲ ಊದುಬತ್ತಿಯ ಹೊಗೆ.

"ಬಾ ಮಗಳೇ, ಒಳಗೆ ಬಾ" ಎಂದು ಶ್ರೀಮತಿಯ ಕೈ ಹಿಡಿದಳು. "ಮೀನು ಎಲ್ಲ ಕೇರಿಯವ್ರಿಗೆ ಕೊಟ್ಟೆ. ನೆಲ ತೊಳ್ದೆ. ಹೊಸ ಪಾತ್ರೆಯಲ್ಲಿ ಮುರುಗಲು ಹಣ್ಣಿನ ಸಾರು ಮಾಡಿದ್ದೆ. ಈಗ ವಾಸ್ನೆ ಇಲ್ಲ, ನೋಡು."

ಶನಿಯಾರನ ನಗು ಅಲ್ಲೇ ನಿಂತಿತು. ಶ್ರೀಮತಿ ಅವಳ ಕೈ ಬಿಡದೆ ಹೇಳಿದಳು, "ಅಮ್ಮಾ, ನಾವು ಮೀನು ತಿನ್ನುಕೇ ಬಂದದ್ದು. ದೇವ್ರಾಣೆ. ಎಲ್ಲ ಇವ್ರು ಮಾಡಿದ ಎಡವಟ್ಟು!" ನಿತ್ಯಾನಂದನೂ ಹೇಳಿದ, "ತಪ್ಪು ನಂದು ಅಮ್ಮಾ, ನಾನೇ ಸುಳ್ಳು ಹೇಳಿದ್ದು."

ನಾಗಿಯಮ್ಮ ಇಬ್ಬರ ಮಾತನ್ನೂ ಕೇಳಿ ಮುಗುಳ್ನಕ್ಕಳು. "ನನ್ನ ಸಮಾಧಾನಕ್ಕೆ ಹೇಳ್ತ್ರಿ. ನನಗೆ ಗೊತ್ತಾಗೂದಿಲ್ವಾ?"

ಎಲ್ಲರೂ ಎಲೆಯ ಮುಂದೆ ಕೂತರು. ಬಿಸಿ ಕುಚ್ಚಲಕ್ಕಿ ಅನ್ನ, ಅದರ ಮೇಲೆ ಕೆಂಪು ಸಾರು. ಕೇರಿಯ ಯಾವುದೋ ಮನೆಯಲ್ಲಿ ಮಕ್ಕಳು ಇಸೋಣದ ತುಂಡಿಗೆ ಜಗಳವಾಡುವುದು ಕೇಳುತ್ತಿತ್ತು. ಶ್ರೀಮತಿ ಗಂಡನ ಕಡೆ ನೋಡಲೇ ಇಲ್ಲ. ನಿತ್ಯಾನಂದ ತಲೆ ತಗ್ಗಿಸಿ ಕಲಸಿದ, ಬೇಡವೆನ್ನದೆ ಮತ್ತೆ ಮತ್ತೆ ಬಡಿಸಿಕೊಂಡ. ನಾಗಿಯಮ್ಮನಿಗೆ ಕಣ್ಣು ತುಂಬಿ ಬಂತು.

"ಹೊಟ್ಟೆ ತುಂಬ ಉಣ್ಣು ಮಗಾ" ಎಂದಳು ಅವನ ತಲೆ ಸವರಿ. "ಹೆದರ್ಬೇಡ. ಇನ್ಮೇಲೆ ನೀ ಬರ್ತೆ ಅಂದ ದಿನ ಈ ಮನೆಗೆ ಮೀನು ತರೂದೇ ಇಲ್ಲ."