ಮಾಮಾನ ಝುಂಬಾಳ

ನಮ್ಮ ಸೋದರಮಾವನಿಗೆ ತಲೆ ಕೆಟ್ಟಿಲ್ಲ. ಬೆಟಗೇರಿಯಲ್ಲಿ ಈ ಮಾತನ್ನು ಒಪ್ಪುವವರು ಇಬ್ಬರು. ಒಬ್ಬ ನಾನು. ಇನ್ನೊಬ್ಬ ಖುದ್ದು ಮಾಮಾ!

ಹೊಟ್ಟೆಪಾಡಿಗೆ ಮಾಮಾ ಅಂಗಡಿಗಳ ಬೋರ್ಡು ಬರೆಯುತ್ತಾನೆ. ಉಳಿದ ಹೊತ್ತಿನಲ್ಲಿ ಒಂದು ಗ್ರಹವನ್ನೇ ಸಂಭಾಳಿಸುತ್ತಾನೆ. ಹೆಸರು ಝುಂಬಾಳ. ಯಾವ ದುರ್ಬೀನಿಗೂ ಸಿಗದ ಈ ಗ್ರಹ ಹಳೇ ತಗಡಿನ ಮೇಲೆ, ರಟ್ಟಿನ ಮೇಲೆ, ಬಂದ ಲಗ್ನಪತ್ರಿಕೆಗಳ ಹಿಂಬದಿಯಲ್ಲಿ ಬೆಳೆಯುತ್ತಲೇ ಇದೆ. ಅಲ್ಲಿ ಎರಡು ಸೂರ್ಯ, ನೇರಳೆ ಬಣ್ಣದ ಹೊಲ, ಹೊಟ್ಟೆಯೇ ಇಲ್ಲದ ಮಂದಿ.

ಒಮ್ಮೆ ಗದಗ ಬಸ್‌ಸ್ಟ್ಯಾಂಡಿನಲ್ಲಿ ಪಕ್ಕದ ಹಿರಿಯರ ಮುಂದೆ ಶುರು ಹಚ್ಚಿದ: “ಝುಂಬಾಳದಾಗ ಒಂದು ಸೂರ್ಯ ಮುಳುಗೂದ್ರಾಗ ಇನ್ನೊಂದು ಹುಟ್ಟತೈತ್ರಿ.”

ಅವರು ಗಂಭೀರವಾಗಿ ತಲೆಯಾಡಿಸಿದರು. “ಮುಂಡರಗಿ ದಾಟಿದ ಮ್ಯಾಲ ಬಿಸಲು ಹಂಗ ಬಿಡ್ರಿ!”

ಶಿಗ್ಲಿಯ ಹಾಲಿನವರು ಬೋರ್ಡಿಗೆ ಎಮ್ಮೆ ಬರೆಯಲು ಹೇಳಿದರೆ ಮಾಮಾ ಬರೆದದ್ದು ಝುಂಬಾಳದ ಎಮ್ಮೆ!

“ಏನ್ರೀ ಇದು, ಆರು ಕಾಲು?”

“ನಾಕು ಕಾಲಿಂದು ಎಲ್ಲಾರ ಬೋರ್ಡಿನ್ಯಾಗೂ ಐತ್ರಿ. ಕೆಚ್ಚಲ ನೋಡ್ರಿ, ಎರಡು!”

ಹಾಲಿನವರು ಬೈಯಲು ತೆರೆದ ಬಾಯಿ ಮುಚ್ಚಿದರು. ಆಮೇಲೆ ಮೆಲ್ಲಗೆ ಕೇಳಿದರು: “ದಿನಕ್ಕ ಎಷ್ಟು ಲೀಟರ್ ಕೊಡತೈತ್ರಿ?”

ಮಾಮಾನ ಹೆಂಡತಿ, ನಮ್ಮ ಅತ್ತಿ ಮಾತ್ರ ಝುಂಬಾಳಕ್ಕೆ ಸೊಪ್ಪು ಹಾಕಿದವಳಲ್ಲ. ಅವಳ ದನಿಯೋ, ಓಣಿಯ ಆ ತುದಿಗೂ ಕೇಳಬೇಕು!

“ಹೊಟ್ಟಿ ಇಲ್ಲದ ಮಂದಿಗೆ ಅಡಗಿ ಯಾರು ಮಾಡ್ತಾರ್ರಿ?”

“ಹೊಟ್ಟಿನ ಇಲ್ಲಂದ್ರ ಅಡಗಿ ಯಾಕಲೇ?”

“ಹಂಗಾರ ನನ್ನ ಅಲ್ಲೇ ಬಿಟ್ಟು ಬರ್ರಿ!”

ಹೋದ ವರ್ಷ ಅತ್ತಿಗೆ ಗಂಟಲಿನ ಆಪರೇಷನ್ ಆಯಿತು. ಜೀವ ಉಳಿಯಿತು, ದನಿ ಹೋಯಿತು. ಬಂದವರ ಎದುರು ಬಾಯಿ ತೆರೆದು, ಏನೂ ಹೊರಡದೆ, ಮುಖ ತಿರುಗಿಸಿಬಿಡುತ್ತಿದ್ದಳು. ಬರಬರುತ್ತ ಅಡುಗೆಮನೆಯಿಂದ ಹೊರಗೇ ಬಾರದಾದಳು.

ಒಂದು ಮುಂಜಾನೆ ಹೋದರೆ, ಮಾಮಾ ಸ್ಟೂಲು ಹತ್ತಿ ಅಡುಗೆಮನೆಯ ಗೋಡೆಗೆಲ್ಲ ಝುಂಬಾಳ ಬರೆಯುತ್ತಿದ್ದ. ಮಂದಿಗೆ ಮೊರದಗಲ ಅಂಗೈ. ಬಾಯಿ ಒಬ್ಬರಿಗೂ ಇಲ್ಲ.

“ಮಾಮಾ, ಇವರಿಗೆ ಬಾಯಿ ಇತ್ತಲ್ಲ?”

“ಕಾಯ್ದೆ ಬದಲಾಗೇತಿ. ಇನ್ನ ಮ್ಯಾಲ ಝುಂಬಾಳದಾಗ ಎಲ್ಲಾರದೂ ಕೈ ಮಾತು. ಇದು ಚಾ. ಇದು ಸಾಕು. ಇದು ಸಿಟ್ಟು ಬಂದೈತಿ.”

ಒಂದೊಂದಕ್ಕೂ ಕೈಸನ್ನೆ ಮಾಡಿ ತೋರಿಸಿದ. ಅವನ ಒರಟು ಬೆರಳಿಗೆ ‘ಸಿಟ್ಟು’ ಸರಿಯಾಗಿ ಬರಲೇ ಇಲ್ಲ. ಮೂಲೆಯಲ್ಲಿ ಕೂತು ನೋಡುತ್ತಿದ್ದ ಅತ್ತಿಗೆ ತಡೆಯಲಾಗಲಿಲ್ಲ. ಎದ್ದು ಬಂದಳು. ಅವನನ್ನು ಸ್ಟೂಲಿನಿಂದ ಇಳಿಸಿ, ಬೆರಳು ಹಿಡಿದು, ಹೀಗೆ ಅಂತ ಮಡಚಿದಳು. ಆಮೇಲೆ ತನ್ನ ಅಂಗೈಯನ್ನು ಎದೆಗೊತ್ತಿ ಇನ್ನೇನೋ ಅಂದಳು. ಅದು ಗೋಡೆಯ ಮೇಲೆಲ್ಲೂ ಇರಲಿಲ್ಲ.

“ಏನಂದಿ?” ಮಾಮಾ ಕುಂಚ ಕೆಳಗಿಟ್ಟ. “ಇನ್ನೊಮ್ಮೆ ಹೇಳು.”

ಅತ್ತಿ ಸೆರಗಿನ ತುದಿಯಿಂದ ಅವನ ಹಣೆಗೆ ಹತ್ತಿದ ನೇರಳೆ ಬಣ್ಣ ಒರೆಸಿದಳು.