ಐದಡಿ ಕೋಚು

ನಾನು ಬಾಸ್ಕೆಟ್‌ಬಾಲ್ ಕೋಚ್ ಎಂದು ಗೊತ್ತಾದ ಕೂಡಲೇ ಜನ ನನ್ನ ತಲೆಗಿಂತ ಒಂದಡಿ ಮೇಲಕ್ಕೆ ನೋಡುತ್ತಾರೆ. ಅಲ್ಲಿ ಯಾರೂ ಕಾಣದೆ ಆಮೇಲೆ ಕೆಳಗೆ ನೋಡುತ್ತಾರೆ. ನಾನಿರುವುದು ಐದಡಿ, ಅದೂ ಶೂ ಹಾಕಿಕೊಂಡರೆ. ಹೀಗಾಗಿ ಶಿಡ್ಲಘಟ್ಟದ ಕಾಲೇಜಿಗೆ ಕಾಲಿಟ್ಟ ದಿನದಿಂದ ಏನಾದರೊಂದು ಎಡವಟ್ಟು ನನ್ನನ್ನು ಹುಡುಕಿಕೊಂಡು ಬರುತ್ತಲೇ ಇದೆ.

ಯಜಮಾನರು

ಸಂದರ್ಶನಕ್ಕೆ ಬಂದಿದ್ದವರು ನಾವಿಬ್ಬರೇ. ಇನ್ನೊಬ್ಬರು ಬಾಗಿಲಿನಷ್ಟು ಎತ್ತರದ ಗಂಡಸು. ಪ್ರಿನ್ಸಿಪಾಲರು ಅವರನ್ನು ಕಂಡವರೇ ಎದ್ದು ಕೈ ಕುಲುಕಿದರು. ನನ್ನ ಕಡೆ ತಿರುಗಿ, "ಕೂತ್ಕೊಳ್ಳಿ ಅಮ್ಮ, ನಿಮ್ ಯಜಮಾನ್ರುದು ಬೇಗ ಮುಗಿಯುತ್ತೆ" ಅಂದರು.

ನಾನು ಯಾರೆಂದು ತಿಳಿದ ಮೇಲೆ ಇಬ್ಬರಿಗೂ ಕೋರ್ಟು ತೋರಿಸಿದರು. ಕಾಲೇಜಿನ ಪಕ್ಕದ ಮನೆಯ ಅಕ್ಕ ಚಂದ್ರಿಕೆಗಳನ್ನು, ಅಂದರೆ ರೇಷ್ಮೆಹುಳು ಗೂಡು ಕಟ್ಟುವ ಬಿದಿರಿನ ತಟ್ಟಿಗಳನ್ನು, ತೊಳೆದು ಕೋರ್ಟಿನ ತುಂಬಾ ಒಣಗಲು ನಿಲ್ಲಿಸಿದ್ದರು. ಏನೇನು ಬೇಕಾಗುತ್ತದೆ ಎಂದು ಪ್ರಿನ್ಸಿಪಾಲರು ಕೇಳಿದರು. ಎತ್ತರದವರು ಮರದ ನೆಲ, ಗಾಜಿನ ಬೋರ್ಡು, ಫ್ಲಡ್‌ಲೈಟು ಅಂದರು. ನಾನು, "ಸದ್ಯಕ್ಕೆ ಒಂದು ಪೊರಕೆ ಸಾಕು ಸಾರ್" ಅಂದೆ.

ಪ್ರಿನ್ಸಿಪಾಲರಿಗೆ ನನ್ನ ಬಜೆಟ್ ಹಿಡಿಸಿತು, ನಾನು ಅಷ್ಟಾಗಿ ಹಿಡಿಸಲಿಲ್ಲ. "ಒಂದು ವರ್ಷ ನೋಡಣ ಅಮ್ಮ. ಜಿಲ್ಲಾ ಟೂರ್ನಿಯಲ್ಲಿ ನಮ್ ಹುಡುಗೀರು ಒಂದ್ ಮ್ಯಾಚಾದ್ರೂ ಗೆಲ್ಬೇಕು. ಇಲ್ದಿದ್ರೆ ನಿಮ್ಮನ್ನೂ ಕಳಿಸ್ತೀನಿ, ಈ ಕೋರ್ಟನ್ನೂ ಸ್ಕೂಟರ್ ಸ್ಟ್ಯಾಂಡ್ ಮಾಡಿಸ್ತೀನಿ" ಅಂದರು. ಅಲ್ಲಿ ಸ್ಕೂಟರ್ ನಿಲ್ಲುವುದನ್ನು ನೆನೆಸಿಕೊಳ್ಳಲೂ ನನಗೆ ಆಗಲಿಲ್ಲ. ಒಪ್ಪಿಕೊಂಡೆ.

ನಾನು ಗೇಟು ದಾಟುವಾಗ ಅವರು ಹಿಂದಿನಿಂದ ಕೂಗಿದರು: "ಪೊರಕೆ ಮನೆಯಿಂದ್ಲೇ ತಂದ್ಬಿಡಿ!"

ಉದ್ದದ ಹುಡುಗಿ

ಬಿ.ಕಾಂ. ಹುಡುಗಿಯೊಬ್ಬಳು ಕ್ಲಾಸಿನ ಹೊರಗೆ ನಿಂತೇ ವೆಂಟಿಲೇಟರ್‌ನಲ್ಲಿ ಇಣುಕುತ್ತಿದ್ದಳು. ಇವಳು ತಂಡಕ್ಕೆ ಬೇಕೇ ಬೇಕು ಅನ್ನಿಸಿತು. ಆಟಕ್ಕೆ ಅವಳೂ ರೆಡಿ, ಆದರೆ ಮನೆಯಲ್ಲಿ ಬಿಡುವುದಿಲ್ಲ ಅಂದಳು. ಭಾನುವಾರ ಅವರ ಹಳ್ಳಿಗೇ ಹೋದೆ. ಒಳ್ಳೆ ಹೊಲಮನೆ ಇರುವ ಕುಟುಂಬ. ಅವಳಮ್ಮ ಕಾಫಿ ಕೊಟ್ಟರು, ಮಗಳನ್ನು ಮಾತ್ರ ಕೊಡಲಿಲ್ಲ.

"ಆಟ ಕೆಟ್ಟದ್ದು ಅನ್ನಲ್ಲ ಮೇಡಮ್. ಆದ್ರೆ ಅದಾಡಿದ್ರೆ ಉದ್ದ ಬೆಳೀತಾರಂತೆ. ಈಗ್ಲೇ ಬಂದ ಗಂಡುಗಳೆಲ್ಲ ಇವಳ ಪಕ್ಕ ನಿಂತು ನೋಡಿ ವಾಪಸ್ ಹೋಗ್ತಾವ್ರೆ. ಇನ್ನೂ ಬೆಳೆದ್ರೆ ನಾನೇನ್ ಮಾಡ್ಲಿ?"

ನನಗೆ ವಾದ ಮಾಡಲು ಬರುವುದಿಲ್ಲ. ಲೋಟ ಕೆಳಗಿಟ್ಟು ಎದ್ದು ನಿಂತೆ. "ಅಮ್ಮ, ನಾನು ಹೈಸ್ಕೂಲಿನಿಂದ ಇದೇ ಆಟ ಆಡ್ತಾ ಇದೀನಿ. ನೋಡ್ಕೊಳ್ಳಿ."

ಆಕೆ ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದರು. ನೋಡಿ ಮುಗಿಸಲು ಹೆಚ್ಚು ಹೊತ್ತು ಹಿಡಿಯಲಿಲ್ಲ.

"ನಾಳೆಯಿಂದ್ಲೇ ಕಳಿಸ್ತೀನಿ ಮೇಡಮ್" ಅಂದರು. ಸ್ವಲ್ಪ ಯೋಚಿಸಿ, ದನಿ ತಗ್ಗಿಸಿ ಕೇಳಿದರು: "ಜಾಸ್ತಿ ಆಡಿದ್ರೆ ಒಂದಿಷ್ಟು ಕಮ್ಮಿಯಾಗುತ್ತಾ?"

ಚಂದ್ರಿಕೆ

ಪಕ್ಕದ ಮನೆಯ ಅಕ್ಕನಿಗೆ ಎಷ್ಟು ಹೇಳಿದರೂ ಚಂದ್ರಿಕೆ ತೆಗೆಯಲಿಲ್ಲ. "ನಿಮ್ ಚೆಂಡಿಗೆ ಬಿಸಿಲು ಬೇಕಾ? ನನ್ ಚಂದ್ರಿಕೆಗೆ ಬೇಕು" ಅನ್ನುವುದು ಆಕೆಯ ನ್ಯಾಯ. ನನಗೂ ಜಗಳ ಆಡಿ ಸಾಕಾಯಿತು. ಹುಡುಗಿಯರು ಚಂದ್ರಿಕೆಗಳ ಸಂದಿಯಲ್ಲೇ ಚೆಂಡು ತಟ್ಟುತ್ತಾ ಓಡಿದರು. ಒಂದಕ್ಕೆ ಚೆಂಡು ತಗುಲಿದರೂ ಅಕ್ಕನ ಬೈಗುಳ ಇಡೀ ಬೀದಿಗೆ ಕೇಳಿಸುತ್ತಿತ್ತು. ಹಾಗಾಗಿ ತಿಂಗಳೊಪ್ಪತ್ತಿನಲ್ಲಿ ಎಲ್ಲರೂ ಹಾವಿನಂತೆ ಹರಿಯತೊಡಗಿದರು.

ಒಂದು ದಿನ ಅಕ್ಕನಿಗೇ ಪಾಪ ಅನ್ನಿಸಿ ಎಲ್ಲವನ್ನೂ ಎತ್ತಿಬಿಟ್ಟರು. ಖಾಲಿ ಕೋರ್ಟಿನಲ್ಲಿ ನಮ್ಮ ಹುಡುಗಿಯರು ಒಬ್ಬರಿಗೊಬ್ಬರು ಡಿಕ್ಕಿ ಹೊಡೆದುಕೊಂಡು ಬಿದ್ದರು. ನಾನೇ ಹೋಗಿ ಅಕ್ಕನ ಬಾಗಿಲು ತಟ್ಟಿ ಬೇಡಿಕೊಂಡೆ: "ಅಕ್ಕ, ನಾಳೆಯಿಂದ ದಯವಿಟ್ಟು ಒಣಹಾಕಿ. ಆಗಾಗ ಬೈಯಿರಿ ಕೂಡ."

ಎಡಮ ಪಕ್ಕ

ಟೂರ್ನಿ ನಡೆದದ್ದು ಚಿಕ್ಕಬಳ್ಳಾಪುರದಲ್ಲಿ. ನಮಗೆ ಮೊದಲ ಮ್ಯಾಚೇ ಚಿಂತಾಮಣಿಯವರ ಮೇಲೆ. ನಾಕೌಟ್ ಟೂರ್ನಿ, ಸೋತರೆ ಅಲ್ಲಿಗೆ ಕೋರ್ಟೂ ಹೋಯಿತು, ನಾನೂ ಹೋದೆ. ಪ್ರಿನ್ಸಿಪಾಲರು ಕೋರ್ಟಿನ ಆಚೆ ಬದಿಯಲ್ಲಿ ಕೈಕಟ್ಟಿ ಕೂತಿದ್ದರು.

ನನ್ನ ಬಳಿ ಒಂದು ಗುಟ್ಟಿನ ಅಸ್ತ್ರವಿತ್ತು. ಮೈಸೂರಿನಲ್ಲಿ ಓದುವಾಗ ಆಂಧ್ರದ ಗಡಿಗೆ ಹತ್ತಿರದ ನಾವು ಈ ಕಡೆಯ ಹುಡುಗಿಯರು ಆಟದ ಮಧ್ಯೆ ತೆಲುಗಿನಲ್ಲಿ ಮಾತಾಡಿ ಎದುರಾಳಿಗಳನ್ನು ಪೇಚಿಗೆ ಸಿಕ್ಕಿಸುತ್ತಿದ್ದೆವು. ಅದೇ ಹುಮ್ಮಸ್ಸಿನಲ್ಲಿ, "ಎಡಮ ಪಕ್ಕಕು ಪೋಂಡಮ್ಮಾ!" ಎಂದು ಕೂಗಿದೆ, ಎಡಗಡೆಗೆ ಹೋಗಿ ಅಂತ. ನಮ್ಮವರು ಎಡಕ್ಕೆ ಹೋದರು. ಅವರಿಗಿಂತ ಮೊದಲು ಚಿಂತಾಮಣಿಯವರು ಹೋಗಿ ನಿಂತಿದ್ದರು. ಚಿಂತಾಮಣಿಯಲ್ಲಿ ತೆಲುಗು ಬಾರದವರು ಯಾರು? ಅದು ಬಾಯಿಬಿಡುವ ಮೊದಲು ನನಗೆ ಹೊಳೆದಿದ್ದರೆ ತಾನೆ!

ನಮ್ಮ ಕ್ಯಾಪ್ಟನ್ ಮನೆಮಾತು ಉರ್ದು. ಅವಳ ಕೈಲಿ ಉರ್ದುವಿನಲ್ಲಿ ಕೂಗಿಸಿದೆ. ಅವರಲ್ಲಿ ದರ್ಗಾ ಇರುವ ಮುರುಗಮಲ್ಲದ ಹುಡುಗಿಯೊಬ್ಬಳು ತನ್ನವರಿಗೆ ಕೂಡಲೇ ಕನ್ನಡದಲ್ಲಿ ಅರ್ಥ ಹೇಳಿದಳು. ಕೊನೆಗೆ ಇಂಗ್ಲಿಷಿಗೆ ಇಳಿದೆ. ನನ್ನ ಇಂಗ್ಲಿಷು ಎದುರಾಳಿಗಳಿಗೂ ತಿಳಿಯಲಿಲ್ಲ, ನಮ್ಮವರಿಗೂ ತಿಳಿಯಲಿಲ್ಲ.

ಟೈಮ್‌ಔಟ್ ಕೇಳಿದೆ. ಹುಡುಗಿಯರ ತಲೆಗಳನ್ನೆಲ್ಲ ಬಗ್ಗಿಸಿ ಪಿಸುಗುಟ್ಟಿದೆ: "ಇನ್ಮೇಲೆ ನಾನೇನ್ ಕೂಗಿದ್ರೂ ಅದಕ್ಕೆ ಉಲ್ಟಾ ಮಾಡಿ."

ಆಮೇಲೆ ನಾನು ತೆಲುಗಿನಲ್ಲಿ ಎಡಕ್ಕೆ ಅಂದರೆ ಚಿಂತಾಮಣಿಯವರು ಎಡಕ್ಕೆ, ನಮ್ಮವರು ಬಲಕ್ಕೆ. ಅಂತರ ಇಳಿಯುತ್ತಾ ಬಂತು. ಕೊನೆಯ ಗಳಿಗೆಯಲ್ಲಿ ನಾವು ಒಂದೇ ಪಾಯಿಂಟ್ ಹಿಂದೆ. ಚೆಂಡು ಉದ್ದದ ಹುಡುಗಿಯ ಕೈಗೆ ಬಂತು. ಬುಟ್ಟಿ ಎದುರಿಗೇ ಇತ್ತು, ಹತ್ತಿರ ಯಾರೂ ಇರಲಿಲ್ಲ. ಸಂತೋಷಕ್ಕೆ ನನಗೆ ಎಲ್ಲ ಮರೆತುಹೋಯಿತು.

"ಹಾಕೇ! ಹಾಕು!" ಎಂದು ಕಿರುಚಿದೆ.

ಹುಡುಗಿ ಚೆಂಡನ್ನು ಅವುಚಿಕೊಂಡು ಸುಮ್ಮನೆ ನಿಂತುಬಿಟ್ಟಳು.

"ಹಾಕೇ ಅಂದ್ರೆ!" ಅಂದೆ. ಇನ್ನೂ ಗಟ್ಟಿಯಾಗಿ ಅವುಚಿಕೊಂಡಳು. ಮಗಳ ಆಟ ನೋಡಲು ಬಂದಿದ್ದ ಅವಳಮ್ಮ, "ಮೇಡಮ್ ಮಾತು ಕೇಳೇ!" ಎಂದು ಕೂಗಿದರು. ಅವಳು ಕೇಳುತ್ತಲೇ ಇದ್ದಳು, ಪಾಪ! ಚಿಂತಾಮಣಿಯವರು ಮೈಮೇಲೆ ಬರುವಂತೆ ಓಡಿ ಬರುತ್ತಿದ್ದರು. ಆಗ ನನಗೆ ಜ್ಞಾನೋದಯವಾಯಿತು.

"ಹಾಕ್ಬೇಡ ಕಣೇ! ಹಾಕಿದ್ರೆ ಕಾಲು ಮುರೀತೀನಿ!"

ಹುಡುಗಿ ನನ್ನನ್ನು ನೋಡಿ ನಕ್ಕು ಹಾಕಿದಳು. ಚೆಂಡು ಒಳಗೆ ಬಿತ್ತು, ಎರಡು ಪಾಯಿಂಟ್; ಆಟ ಮುಗಿದ ಸೀಟಿ ಕೇಳಿಸಿತು, ಗೆದ್ದಿದ್ದೆವು. ನಾನು ಅಳುತ್ತಿದ್ದೆ, ಸುಳ್ಳೇಕೆ ಹೇಳಲಿ.

ಪ್ರಿನ್ಸಿಪಾಲರು ಗಂಭೀರವಾಗಿ ನಡೆದು ಬಂದರು. "ಎಲ್ಲಾ ನೋಡ್ದೆ ಅಮ್ಮ. ನೀವು ಎಡಕ್ಕೆ ಅಂದ್ರೆ ಬಲಕ್ಕೆ ಹೋದ್ರು. ಹಾಕ್ಬೇಡ ಅಂದ್ರೆ ಹಾಕಿದ್ಲು. ಒಬ್ಳಾದ್ರೂ ನಿಮ್ ಮಾತು ಕೇಳಿದ್ಲಾ?"

ನಾನು ವಿವರಿಸಲು ಬಾಯಿ ತೆರೆದೆ. ಅವರು ಕೈಯೆತ್ತಿ ತಡೆದರು.

"ಕೋರ್ಟು ಇರ್ಲಿ. ಮುಂದಿನ ವರ್ಷನೂ ನೀವೇ ಬನ್ನಿ. ಮಕ್ಕಳಿಗೆ ಸ್ವಂತ ಬುದ್ಧಿ ಬರ್ಬೇಕಾದ್ರೆ ನಿಮ್ಮಂಥ ಕೋಚೇ ಸರಿ."